ಗಾಲಿ ಮೇಲಿನ ಆಫೀಸು: ಚಿತ್ರದಲ್ಲಿ ಚೆನ್ನಾಗಿದೆ, ಕೆಲಸಕ್ಕೆ ಬರುತ್ತಾ?

ಅಡಿಪಾಯ:
ಎಲ್ಲರಿಗೂ ನಮಸ್ಕಾರ. ಕಟ್ಟಡಗಳ ತಪಾಸಣೆ ನನ್ನ ಕೆಲಸ. ವಾರದಲ್ಲಿ ಮೂರು ದಿನ ಸೈಟು, ಎರಡು ದಿನ ಆಫೀಸು. ಸೈಟಿನಲ್ಲಿ ಅಳತೆ ತೆಗೆಯುತ್ತೇವೆ, ಬಿರುಕುಗಳ ಫೋಟೋ ಹಿಡಿಯುತ್ತೇವೆ. ವರದಿ ಬರೆಯುವುದಕ್ಕೆ ಮಾತ್ರ ಆಫೀಸಿಗೇ ಬರಬೇಕು. ಅಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ. ಏನೋ ಒಂದು ಅಳತೆ ಬಿಟ್ಟುಹೋಗಿದೆ ಅಂತ ಅಲ್ಲಿ ಕೂತಾಗ ಗೊತ್ತಾಗುತ್ತದೆ. ಮತ್ತೆ ಅಷ್ಟು ದೂರ ಓಡಬೇಕು.

ಹಾಗಾಗಿ ನಾಲ್ಕು ಜನರ ನಮ್ಮ ತಂಡಕ್ಕೆ ಗಾಲಿ ಮೇಲಿನ ಆಫೀಸು ಒಂದು ಇದ್ದರೆ ಹೇಗೆ ಅಂತ ಯೋಚನೆ. ನಿಸ್ಸಾನ್ 2021ರ ಜನವರಿಯಲ್ಲಿ ತೋರಿಸಿದ ಆಫೀಸ್ ಪಾಡ್ ನೋಡಿದೆ. ವ್ಯಾನಿನ ಹಿಂಬಾಗಿಲು ತೆರೆದರೆ ಮೇಜು, ಕುರ್ಚಿ ಎಲ್ಲ ಒಟ್ಟಿಗೆ ಹೊರಗೆ ಜಾರಿಕೊಂಡು ಬರುತ್ತದೆ. ಮೇಲೆ ಕೂರುವುದಕ್ಕೆ ಜಾಗ, ಒಂದು ಕೊಡೆ. ಟೊಯೋಟಾದ ಇ-ಪ್ಯಾಲೆಟ್ 2018ರಲ್ಲೇ ಬಂದಿತ್ತು. ಡ್ರೈವರ್ ಇಲ್ಲದ ಡಬ್ಬಿಯಂಥ ಗಾಡಿ, ಒಳಗೆ ಅಂಗಡಿ ಬೇಕಾದರೆ ಅಂಗಡಿ, ಆಫೀಸು ಬೇಕಾದರೆ ಆಫೀಸು.

ಕೇಳಬೇಕಾಗಿರುವುದು ಎರಡೇ ಪ್ರಶ್ನೆ. ಇದರಲ್ಲಿ ದಿನಪೂರ್ತಿ ಕೂತು ಕೆಲಸ ಮಾಡಲು ನಿಜವಾಗಿ ಆಗುತ್ತದಾ? ಈಗ ಸಿಗುವ ವ್ಯಾನನ್ನೇ ತಗೊಳ್ಳಬೇಕಾ, ತಾನೇ ಓಡುವ ಗಾಡಿ ಬರುವವರೆಗೆ ಕಾಯಬೇಕಾ?

ನಿಂತಗಾಡಿ:
ಮೂರು ವರ್ಷದಿಂದ ಇದರಲ್ಲೇ ಕೆಲಸ ಮಾಡುತ್ತಿದ್ದೇನೆ. ನನ್ನದೂ ಹೆಚ್ಚುಕಮ್ಮಿ ನಿಮ್ಮಂಥದ್ದೇ ಕೆಲಸ, ಯಂತ್ರಗಳ ತಪಾಸಣೆ. ಎತ್ತರದ ಛಾವಣಿಯ ವ್ಯಾನು, ಒಳಗೆ ಎರಡು ಮೇಜು. ಆಗುತ್ತದೆ. ಆದರೆ ಒಂದು ವಿಷಯ ಮೊದಲೇ ತಲೆಗೆ ಹಾಕಿಕೊಳ್ಳಿ. ಗಾಡಿ ಓಡುವಾಗ ಅದು ಗಾಡಿ, ನಿಂತಾಗ ಮಾತ್ರ ಆಫೀಸು. ಎರಡೂ ಒಟ್ಟಿಗೆ ಬೇಕು ಅಂತ ನಾನು ಆರು ತಿಂಗಳು ಒದ್ದಾಡಿದೆ.

ಮೊದಲ ವಾರದ ಕಥೆ ಹೇಳುತ್ತೇನೆ. ಮೇಜಿನ ಅಂಚಿಗೆ ಕಚ್ಚಿಸುವ ಮಾಮೂಲಿ ಸ್ಟ್ಯಾಂಡಿನಲ್ಲಿ 24 ಇಂಚಿನ ಮಾನಿಟರ್ ಕೂರಿಸಿದ್ದೆ. ಒಂದು ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದೆ. ಮಾನಿಟರ್ ಕಿತ್ತುಕೊಂಡು ಬಂದು ನನ್ನ ಸೀಟಿನ ಬೆನ್ನಿಗೆ ಬಡಿಯಿತು. ಸೀಟಿಗೆ ತಲೆದಿಂಬು ಇದ್ದಿದ್ದರಿಂದ ಬಚಾವಾದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ 5 ಕಿಲೋ ವಸ್ತುವಿನಲ್ಲಿ ಇರುವ ಶಕ್ತಿ, ಅದೇ ವಸ್ತು ಸುಮಾರು 10 ಮೀಟರ್ ಮೇಲಿನಿಂದ ಬಿದ್ದಾಗ ಇರುವಷ್ಟೇ. ಮೂರನೇ ಮಹಡಿಯಿಂದ ಮಾನಿಟರ್ ತಲೆ ಮೇಲೆ ಬಿದ್ದ ಹಾಗೆ. ಆ ದಿನದಿಂದ ಸಡಿಲವಾದ ಒಂದು ಪೆನ್ನೂ ಮೇಜಿನ ಮೇಲೆ ಉಳಿಯುವುದಿಲ್ಲ.

ಈಗ ಹೊರಡುವ ಮುಂಚೆ ಒಂದು ಸುತ್ತು ಕೈಯಾಡಿಸುತ್ತೇನೆ. ಮಾನಿಟರ್ ಫೋಮ್ ಹಾಕಿದ ಡ್ರಾಯರಿಗೆ. ಲ್ಯಾಪ್‌ಟಾಪ್ ಅದರ ಚೀಲಕ್ಕೆ. ಡ್ರಾಯರ್‌ಗಳೆಲ್ಲ ಗುಂಡಿ ಒತ್ತಿದರೆ ಮಾತ್ರ ತೆರೆಯುವಂಥವು, ಒಂದೊಂದನ್ನೂ ಎಳೆದು ನೋಡುತ್ತೇನೆ. ಕುರ್ಚಿಗೆ ಬೆಲ್ಟು. ಏಳು ನಿಮಿಷ ಹಿಡಿಯುತ್ತದೆ. ಜಾಗಕ್ಕೆ ಹೋದ ಮೇಲೆ ಬಿಚ್ಚಿ ಜೋಡಿಸಲು ಇನ್ನೊಂದು ಹತ್ತು ನಿಮಿಷ. ದಿನಕ್ಕೆ ನಾಲ್ಕು ಕಡೆ ನಿಲ್ಲುತ್ತೇನೆ ಅಂದರೆ ಒಂದು ಗಂಟೆ ಇದಕ್ಕೇ ಹೋಯಿತು. ದಿನಕ್ಕೆ ಒಂದೋ ಎರಡೋ ಕಡೆ ನಿಲ್ಲುವವರಿಗೆ ಇದು ಸರಿ. ಗಂಟೆಗೊಂದು ಕಡೆ ಅಂದರೆ ಬೇಡ.

ಇನ್ನೊಂದು, ಯಾರೂ ಹೇಳದೇ ಇರುವುದು. ಮೇಜಿನ ಮೂಲೆಗೆ ಬೆರಳುದ್ದದ ರಸಮಟ್ಟ ಅಂಟಿಸಿಕೊಂಡಿದ್ದೇನೆ, ಗಾಳಿಗುಳ್ಳೆ ಇರುವಂಥದ್ದು. ರಸ್ತೆ ಬದಿ ಯಾವಾಗಲೂ ಸ್ವಲ್ಪ ಇಳಿಜಾರು. ಕಣ್ಣಿಗೆ ಕಾಣುವುದಿಲ್ಲ, ಸೊಂಟಕ್ಕೆ ಗೊತ್ತಾಗುತ್ತದೆ. ಎರಡು ಡಿಗ್ರಿ ವಾಲಿದ ಕಡೆ ಅರ್ಧ ದಿನ ಕೂತರೆ ಒಂದೇ ಪಕ್ಕ ಹಿಡಿದುಕೊಳ್ಳುತ್ತದೆ. ಗಾಡಿ ನಿಲ್ಲಿಸಿದ ತಕ್ಷಣ ಮೊದಲು ಗುಳ್ಳೆ ನೋಡುತ್ತೇನೆ. ಅದು ನಡುವಿಗೆ ಬರುವವರೆಗೆ ಗಾಲಿ ಕೆಳಗೆ ಹಲಗೆ ಕೊಡುತ್ತೇನೆ. ಆಮೇಲೆ ಲ್ಯಾಪ್‌ಟಾಪ್.

ಸಂಜೆಪಾಳಿ:
ನಾಲ್ಕು ಜನಕ್ಕೆ ಒಂದು ವ್ಯಾನು ಸಾಲುವುದಿಲ್ಲ. ಇಬ್ಬರಿಗೇ ಬಿಗಿ. ಅನುಭವದಿಂದ ಹೇಳುತ್ತಿದ್ದೇನೆ.

ವೈರಿಂಗ್‌ಮೇಸ್ತ್ರಿ:
ಕರೆಂಟಿನ ಲೆಕ್ಕ ನಾನು ಹಾಕಿಕೊಡುತ್ತೇನೆ, ಯಾಕೆಂದರೆ ಇಂಥ ಗಾಡಿಗಳು ಸೋಲುವುದು ಜಾಸ್ತಿ ಇಲ್ಲೇ.

ಇಬ್ಬರು ಕೂರುತ್ತಾರೆ ಅಂದುಕೊಳ್ಳಿ. ಲ್ಯಾಪ್‌ಟಾಪ್ ತಲಾ 60 ವ್ಯಾಟ್, ಮಾನಿಟರ್ ತಲಾ 30. ರೂಟರ್, ದೀಪ, ಸಣ್ಣ ಫ್ಯಾನ್ ಸೇರಿ ಇನ್ನೊಂದು 40. ಒಟ್ಟು 220 ವ್ಯಾಟ್. ಎಂಟು ಗಂಟೆಗೆ 1.76 ಯೂನಿಟ್. ಇನ್ವರ್ಟರಿನಲ್ಲಿ ಒಂದಿಷ್ಟು ನಷ್ಟ ಆಗುತ್ತದೆ, 2 ಯೂನಿಟ್ ಅಂತ ಹಿಡಿಯಿರಿ. 12.8 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದರಲ್ಲಿ 1.28 ಯೂನಿಟ್ ಇರುತ್ತದೆ. ಅಂಥವು ಎರಡು ಇದ್ದರೆ ದಿನ ಕಳೆಯುತ್ತದೆ. ಮೇಲೆ 400 ವ್ಯಾಟಿನ ಸೋಲಾರ್ ಹಲಗೆ ಹಾಕಿದರೆ ಒಳ್ಳೆ ಬಿಸಿಲಿನ ದಿನ ಒಂದೂವರೆ ಯೂನಿಟ್ ಹತ್ತಿರ ವಾಪಸ್ ಬರುತ್ತದೆ. ಇಲ್ಲಿಯವರೆಗೆ ಏನೂ ತಲೆನೋವಿಲ್ಲ.

ತಲೆನೋವು ಶುರುವಾಗುವುದು ಎ.ಸಿ. ಬೇಕು ಅಂದಾಗ. ಛಾವಣಿಯ ಎ.ಸಿ. ಓಡುವಾಗ 1200 ವ್ಯಾಟಿನಷ್ಟು ತಿನ್ನುತ್ತದೆ. ಬಿಸಿಲಲ್ಲಿ ನಿಂತ ತಗಡಿನ ಡಬ್ಬಿಯಲ್ಲಿ ಅದಕ್ಕೆ ಬಿಡುವು ಸಿಗುವುದೇ ಕಮ್ಮಿ. ಎಂಟು ಗಂಟೆಗೆ 6ರಿಂದ 9 ಯೂನಿಟ್. ಅಂದರೆ ಉಳಿದ ಆಫೀಸು ಪೂರ್ತಿ ತಿನ್ನುವುದರ ಮೂರು ನಾಲ್ಕು ಪಟ್ಟು. ಛಾವಣಿಯ ಸೋಲಾರ್ ಇದಕ್ಕೆ ಯಾವ ಮೂಲೆಗೂ ಸಾಲದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಶಾಖ ಒಂದೇ ಗಂಟೆಯಲ್ಲಿ ಹೊರಗಿನದಕ್ಕಿಂತ 20 ಡಿಗ್ರಿ ಮೇಲೆ ಹೋಗುತ್ತದೆ, ಅದರಲ್ಲೂ ಹೆಚ್ಚಿನ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ. ಹಾಗಾಗಿ ಮೊದಲು ನೆರಳು. ಆಮೇಲೆ ಗೋಡೆ, ಛಾವಣಿಗೆ ಶಾಖ ತಡೆಯುವ ಪದರ. ಕೊನೆಗೆ ಎ.ಸಿ. ತುಂಬ ಜನ ಇದನ್ನು ತಲೆಕೆಳಗು ಮಾಡಿ ದುಡ್ಡು ಕಳೆದುಕೊಂಡಿದ್ದನ್ನು ನೋಡಿದ್ದೇನೆ.

ಎ.ಸಿ.ಗೋಸ್ಕರ ನಿಂತ ಗಾಡಿಯ ಎಂಜಿನ್ ಓಡಿಸುತ್ತಾ ಕೂರಬೇಡಿ. ಹೊಗೆ ಒಳಗೆ ಬಂದರೆ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗುವುದೇ ಇಲ್ಲ. ಅದನ್ನು ಗುರುತಿಸುವ ಅಲಾರಂ ಒಂದು ಇರಲೇಬೇಕು.

ಭವಿಷ್ಯದ್ದು ಅಂತ ನನಗೆ ನಿಜವಾಗಿ ಖುಷಿ ಕೊಟ್ಟಿರುವುದು ಡ್ರೈವರ್ ಇಲ್ಲದ ಗಾಡಿ ಅಲ್ಲ, ಬ್ಯಾಟರಿ ಗಾಡಿ. ಹ್ಯುಂಡೈ ಅಯಾನಿಕ್ 5ರಂಥ ಕಾರು ತನ್ನ ದೊಡ್ಡ ಬ್ಯಾಟರಿಯಿಂದಲೇ ಹೊರಗಿನ ಉಪಕರಣಕ್ಕೆ 3.6 ಕಿಲೋವ್ಯಾಟ್ ತನಕ ಕರೆಂಟು ಕೊಡುತ್ತದೆ. ಬ್ಯಾಟರಿ 70 ಯೂನಿಟ್ ದಾಟಿದ್ದು ಅಂದರೆ, ಎ.ಸಿ. ಸೇರಿ ದಿನಕ್ಕೆ 8 ಯೂನಿಟ್ ತೆಗೆದರೂ ಹತ್ತರಲ್ಲಿ ಒಂದು ಭಾಗ ಅಷ್ಟೇ. ಸದ್ದಿಲ್ಲ, ಹೊಗೆ ಇಲ್ಲ. ಈ ಸೌಲಭ್ಯ ಇರುವ ವ್ಯಾನ್ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ನೋಡಿ.

ಇನ್ನೊಂದು ಮಾತು. ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ವೈರ್ ಗಾಡಿಗೆ ಹಾಕಬೇಡಿ. ಅದುರಿ ಅದುರಿ ಒಳಗೇ ಮುರಿಯುತ್ತದೆ. ಸಣ್ಣ ಎಳೆಗಳ ವೈರ್, ತುದಿಗೆ ಒತ್ತಿ ಕೂರಿಸಿದ ಲಗ್, ಬ್ಯಾಟರಿಗೆ ತೀರ ಹತ್ತಿರ ಫ್ಯೂಸ್. ಮೂರು ತಿಂಗಳಿಗೊಮ್ಮೆ ಸ್ಕ್ರೂ ಎಲ್ಲ ಬಿಗಿ ಮಾಡಿ.

ಅಡಿಪಾಯ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇಂಟರ್ನೆಟ್ ಕಥೆ ಏನು? ಡ್ರಾಯಿಂಗ್ ಫೈಲುಗಳು ದೊಡ್ಡವು. ಮತ್ತೆ, ತಾನೇ ಓಡುವ ಗಾಡಿಯ ಬಗ್ಗೆ ಯಾರೂ ಹೇಳಲಿಲ್ಲ.

ವೈರಿಂಗ್‌ಮೇಸ್ತ್ರಿ:
ವ್ಯಾನಿನ ಮೈ ತಗಡು, ಸಿಗ್ನಲ್ ತಡೆಯುತ್ತದೆ. ಛಾವಣಿ ಮೇಲೆ ಆಂಟೆನಾ ಹಾಕಿ, ಎರಡು ಬೇರೆ ಬೇರೆ ನೆಟ್‌ವರ್ಕಿನ ಸಿಮ್ ಹಿಡಿಯುವ ರೂಟರ್ ತಗೊಳ್ಳಿ. ಸ್ಟಾರ್‌ಲಿಂಕ್ 2022ರಿಂದ ಊರೂರು ತಿರುಗುವ ಗಾಡಿಗಳಿಗೂ ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುತ್ತಿದೆ. ಆದರೆ ಅದರ ತಟ್ಟೆಗೆ ತೆರೆದ ಆಕಾಶ ಬೇಕು. ನೀವು ನಿಲ್ಲಿಸುವುದೇ ಎತ್ತರದ ಕಟ್ಟಡದ ಬುಡದಲ್ಲಿ, ಅಲ್ವಾ? ಅರ್ಧ ಆಕಾಶ ಅಲ್ಲೇ ಮುಚ್ಚಿಹೋಯಿತು. ಅದೂ ಅಲ್ಲದೆ ಮಾಮೂಲಿ ತಟ್ಟೆ 50ರಿಂದ 100 ವ್ಯಾಟ್ ತಿನ್ನುತ್ತದೆ, ಕಮ್ಮಿ ಅಂದರೂ ಒಂದು ಲ್ಯಾಪ್‌ಟಾಪಿನಷ್ಟು. ನಿಮಗೆ ಅದು ಎರಡನೇ ಆಯ್ಕೆ.

ಮುಂದಿನಸೀಟು:
ತಾನೇ ಓಡುವ ಗಾಡಿಯ ವಿಷಯ ನಾನು ಹೇಳುತ್ತೇನೆ. ಕೆಲಸ ಅದೇ ಕ್ಷೇತ್ರದಲ್ಲಿ. ಕಾಯಬೇಡಿ.

ಮರ್ಸಿಡಿಸ್ 2015ರಲ್ಲಿ ಎಫ್ 015 ತೋರಿಸಿದಾಗ ಮುಂದಿನ ಸೀಟು ಹಿಂದಕ್ಕೆ ತಿರುಗಿಸಿಕೊಂಡು ನಾಲ್ಕು ಜನ ಮುಖಾಮುಖಿ ಕೂತು ಮಾತಾಡಬಹುದಿತ್ತು. 2018ರಲ್ಲಿ ವೋಲ್ವೋ 360ಸಿ ಬಂತು, ಅದರಲ್ಲಿ ಒಂದು ರೂಪ ಆಫೀಸೇ. ಎರಡನ್ನೂ ನೋಡಿ ನನಗೂ ಆಸೆ ಹುಟ್ಟಿತ್ತು. ಆದರೆ ಕೊಳ್ಳಲು ಸಿಕ್ಕಿದ್ದು ಏನು? ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಹಂತ ಮಾಡಿದ್ದಾರೆ; ಸೊನ್ನೆ ಅಂದರೆ ಎಲ್ಲ ಡ್ರೈವರೇ, ಐದು ಅಂದರೆ ಎಲ್ಲ ಗಾಡಿಯೇ. ಮೂರನೇ ಹಂತದ್ದನ್ನು ಅದೇ ಮರ್ಸಿಡಿಸ್ 2022ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ತಂದಿತು. ಆಗ ಗೊತ್ತುಪಡಿಸಿದ ಹೆದ್ದಾರಿಗಳಲ್ಲಿ, ಗಂಟೆಗೆ 60 ಕಿಲೋಮೀಟರ್ ಒಳಗೆ ಮಾತ್ರ. ಅದರಲ್ಲೂ ಗಾಡಿ ಕೂಗಿದ ಕೂಡಲೇ ನೀವು ಸ್ಟಿಯರಿಂಗ್ ಹಿಡಿಯಬೇಕು. ಎದ್ದು ಹಿಂದಿನ ಮೇಜಿಗೆ ಹೋಗುವ ಹಾಗಿಲ್ಲ. ನಾಲ್ಕನೇ ಹಂತದ ಟ್ಯಾಕ್ಸಿಗಳು ಕೆಲವು ನಗರಗಳಲ್ಲಿ ನಿಜವಾಗಿಯೂ ಓಡುತ್ತಿವೆ. ಆದರೆ ಅವು ತಮಗೆ ಗೊತ್ತಿರುವ ಪ್ರದೇಶದ ಒಳಗೆ ಓಡುತ್ತವೆ. ನಿಮ್ಮ ಸೈಟುಗಳ ಮಣ್ಣು ದಾರಿ ಆ ನಕ್ಷೆಯಲ್ಲಿ ಬರುವುದು ಯಾವ ಕಾಲಕ್ಕೋ.

ಇ-ಪ್ಯಾಲೆಟ್ ಅಂದಿರಲ್ಲ. 2021ರ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳು ಉಳಿದುಕೊಂಡಿದ್ದ ಕ್ರೀಡಾಗ್ರಾಮದೊಳಗೆ ಅವು ಜನರನ್ನು ಸಾಗಿಸುತ್ತಿದ್ದವು. ಅಲ್ಲಿ ಒಂದು ಗಾಡಿ, ದೃಷ್ಟಿದೋಷ ಇದ್ದ ಜೂಡೋ ಆಟಗಾರರೊಬ್ಬರಿಗೆ ತಾಗಿತು. ಸ್ವಲ್ಪ ದಿನ ಸೇವೆ ನಿಲ್ಲಿಸಿದರು. ಬೇಲಿಯೊಳಗಿನ ರಸ್ತೆ, ನಿಧಾನದ ವೇಗ, ಒಳಗೆ ನೋಡಿಕೊಳ್ಳುವ ಸಿಬ್ಬಂದಿ, ಇಷ್ಟೆಲ್ಲ ಇದ್ದೂ ಹಾಗಾಯಿತು. ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಕೆಲಸ ಇನ್ನೂ ಎಷ್ಟು ಬಾಕಿ ಇದೆ ಅನ್ನುವುದಕ್ಕೆ ಹೇಳಿದೆ.

ಮತ್ತೆ, ಗಾಡಿ ನೂರಕ್ಕೆ ನೂರು ತಾನೇ ಓಡಿದರೂ ನಿಮ್ಮ ಹೊಟ್ಟೆ ಒಪ್ಪಬೇಕಲ್ಲ. ಕಿವಿಯ ಒಳಗಿನ ಸಮತೋಲನದ ಅಂಗ ‘ಅಲುಗಾಡುತ್ತಿದ್ದೇವೆ’ ಅನ್ನುತ್ತದೆ. ಪರದೆ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಅನ್ನುತ್ತದೆ. ಈ ಜಗಳದಿಂದಲೇ ವಾಕರಿಕೆ. ಅದರಲ್ಲೂ ಐದು ಸೆಕೆಂಡಿಗೊಮ್ಮೆ ಹೋಗಿ ಬರುವಂಥ ನಿಧಾನದ ಓಲಾಟ ಎಲ್ಲಕ್ಕಿಂತ ಕೆಟ್ಟದ್ದು. ದಟ್ಟಣೆಯಲ್ಲಿ ಬ್ರೇಕ್, ಆಕ್ಸಿಲರೇಟರ್, ಮತ್ತೆ ಬ್ರೇಕ್ ಅಂತ ಹೋಗುವ ಗಾಡಿ ಹೆಚ್ಚುಕಮ್ಮಿ ಹಾಗೇ ಓಲಾಡುತ್ತದೆ. ಆಪಲ್‌ನವರು 2024ರಲ್ಲಿ ಫೋನಿನ ಪರದೆಯ ಅಂಚಿನಲ್ಲಿ ಗಾಡಿಯ ಚಲನೆಗೆ ತಕ್ಕ ಹಾಗೆ ಸರಿದಾಡುವ ಚುಕ್ಕಿಗಳನ್ನು ಕೊಟ್ಟಿದ್ದು ಇದೇ ಕಾರಣಕ್ಕೆ. ನನಗೆ ಅದರಿಂದ ಹತ್ತು ನಿಮಿಷ ಜಾಸ್ತಿ ಓದಲು ಆಗುತ್ತದೆ. ಎರಡು ಗಂಟೆ ವರದಿ ಬರೆಯಲು ಆಗುವುದಿಲ್ಲ.

ಹೊಸದಾರಿ:
ಇಲ್ಲಿ ನಾನು ಒಪ್ಪುವುದಿಲ್ಲ. ರೈಲಿನಲ್ಲಿ ಜನ ಗಂಟೆಗಟ್ಟಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವುದಿಲ್ಲವೇ? ಇಂಗ್ಲೆಂಡಿನಲ್ಲಿ 1838ರಲ್ಲೇ ಓಡುವ ರೈಲಿನಲ್ಲಿ ಕಾಗದ ವಿಂಗಡಿಸುತ್ತಿದ್ದರು. ರಾತ್ರಿಯಿಡೀ ನಿಂತುಕೊಂಡು, ವಿಳಾಸ ಓದಿ, ಗೂಡಿಗೆ ಹಾಕುತ್ತಾ ಹೋಗುತ್ತಿದ್ದರು. ಚಲಿಸುತ್ತಾ ಕೆಲಸ ಮಾಡುವುದು ಮನುಷ್ಯನಿಗೆ ಹೊಸದೇನಲ್ಲ. ರಸ್ತೆಯೂ, ಗಾಡಿಯ ಸಸ್ಪೆನ್ಷನ್ನೂ ಸುಧಾರಿಸಿದರೆ ಇದೂ ಆಗುತ್ತದೆ. ದಿನಕ್ಕೆ ಎರಡು ಗಂಟೆ ಪ್ರಯಾಣದಲ್ಲಿ ಕಳೆಯುವವರಿಗೆ ಆ ಎರಡು ಗಂಟೆ ವಾಪಸ್ ಸಿಗುವುದು ಸಣ್ಣ ಮಾತಲ್ಲ. ಸಂಜೆ ಮಕ್ಕಳ ಜೊತೆ ಎರಡು ಗಂಟೆ ಜಾಸ್ತಿ ಇರಬಹುದು. ಅದಕ್ಕೋಸ್ಕರವಾದರೂ ಈ ಆಸೆಯನ್ನು ಬಿಡಬಾರದು ಅಂತ ನನ್ನ ಅಭಿಪ್ರಾಯ.

ಮುಂದಿನಸೀಟು:
ಒಳ್ಳೆ ಉದಾಹರಣೆ ಕೊಟ್ಟಿರಿ. ರೈಲು ಗೆಲ್ಲುವುದು ಹಳಿಯಿಂದ. ತಿರುವು ದೊಡ್ಡದು, ಬ್ರೇಕ್ ಮೆಲ್ಲಗೆ, ಅಡ್ಡ ಬರುವವರಿಲ್ಲ. ವ್ಯಾನಿಗೆ ಈ ಮೂರೂ ಇಲ್ಲ. ಎದುರಿಗೆ ಯಾರೋ ಅಡ್ಡ ಬಂದರೆ ಎಂಥ ಸಸ್ಪೆನ್ಷನ್ ಇದ್ದರೂ ಬ್ರೇಕ್ ಹಾಕಲೇಬೇಕು. ಮತ್ತೆ ರೈಲಿನಲ್ಲಿ ಬೆಲ್ಟ್ ಇಲ್ಲದೆ ನಿಲ್ಲಬಹುದು. ರಸ್ತೆ ಮೇಲೆ ಬೆಲ್ಟ್ ಬಿಚ್ಚಿ ಮೇಜಿಗೆ ಬಗ್ಗಿ ಕೂತವರ ಎದೆ, ಅಪಘಾತ ಆದರೆ, ನೇರ ಮೇಜಿನ ಅಂಚಿಗೆ. ನಿಂತಗಾಡಿ ಅವರ ಮಾನಿಟರ್ ಲೆಕ್ಕವನ್ನು 60 ಕಿಲೋ ಮನುಷ್ಯನಿಗೆ ಹಾಕಿ ನೋಡಿ.

ಆದರೆ ಆ ಎರಡು ಗಂಟೆಯ ವಿಷಯದಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಬೆಲ್ಟ್ ಹಾಕಿ ಮುಂದೆ ನೋಡುತ್ತಾ ಕೂತು, ಕಿವಿ ಬಾಯಿಯ ಕೆಲಸ ಮಾಡಬಹುದು. ಅಡಿಪಾಯ ಅವರೇ, ಪಕ್ಕದ ಸೀಟಿನಲ್ಲಿ ಕೂತವರು ಸೈಟಿನಲ್ಲಿ ನೋಡಿದ್ದನ್ನೆಲ್ಲ ಫೋನಿಗೆ ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಲಿ. ಡ್ರೈವ್ ಮಾಡುವವರು ಮಾತ್ರ ಡ್ರೈವ್ ಮಾಡಲಿ, ಫೋನ್ ಮೀಟಿಂಗ್ ಕೂಡ ಬೇಡ.

ದಾರಿಲೆಕ್ಕ:
ಸಾರಿಗೆ ಯೋಜನೆಯ ಕಡೆಯಿಂದ ಒಂದು ಮಾತು. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ 13 ಜನರಿಗೆ, ಸ್ವಯಂಚಾಲಿತ ಕಾರು ಇದ್ದರೆ ಹೇಗಿರುತ್ತದೆ ಅಂತ ನೋಡಲು, ಒಂದು ವಾರ, ಒಟ್ಟು 60 ಗಂಟೆ, ಪುಕ್ಕಟೆ ಡ್ರೈವರ್ ಕೊಟ್ಟರು. ಅವರ ಗಾಡಿಗಳು ಓಡಿದ ದೂರ ಶೇಕಡಾ 83ರಷ್ಟು ಹೆಚ್ಚಿತು. ಎಷ್ಟೋ ಸಲ ಒಳಗೆ ಯಜಮಾನರೇ ಇರಲಿಲ್ಲ, ಸುಮ್ನೆ ಖಾಲಿ ಗಾಡಿ ಓಡಿತು. 13 ಜನ ಅಂದರೆ ಸಣ್ಣ ಗುಂಪು, ನಿಜ. ಆದರೂ ದಿಕ್ಕು ಯಾವ ಕಡೆ ಅನ್ನುವುದು ಕಾಣುತ್ತದೆ. ಪ್ರಯಾಣದ ಬೇಸರ ಕಮ್ಮಿಯಾದಷ್ಟೂ ನಾವು ಜಾಸ್ತಿ ಓಡಾಡುತ್ತೇವೆ. ಪ್ರತಿಯೊಬ್ಬರೂ ಐದು ಮೀಟರಿನ ಆಫೀಸನ್ನು ರಸ್ತೆ ಮೇಲೆ ಓಡಿಸುತ್ತಾ ಕೂತರೆ ರಸ್ತೆ ಎಲ್ಲಿಂದ ಬರಬೇಕು?

ಅಡಿಪಾಯ ಅವರ ವಿಷಯ ಬೇರೆ. ಅವರ ಗಾಡಿ ಸೈಟಿಗೆ ಎರಡನೇ ಸಲ ಹೋಗುವುದನ್ನು ತಪ್ಪಿಸುತ್ತದೆ. ಅಂದರೆ ಓಡಾಟ ಕಮ್ಮಿಯಾಗುತ್ತದೆ. ಇಂಥದ್ದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಹೋದ ವರ್ಷ ಎಷ್ಟು ಸಲ ಎರಡನೇ ಸುತ್ತು ಹೋದಿರಿ ಅಂತ ಮೊದಲು ಎಣಿಸಿ. ಗಾಡಿ ಬೇಕಾ ಬೇಡವಾ ಅನ್ನುವುದಕ್ಕೆ ಉತ್ತರ ಆ ಸಂಖ್ಯೆಯಲ್ಲೇ ಇರುತ್ತದೆ.

ಕ್ಲಿನಿಕ್‌ಗಾಲಿ:
ನಾನು ಸಂಚಾರಿ ಚಿಕಿತ್ಸಾ ಗಾಡಿಯಲ್ಲಿ ಎಂಟು ವರ್ಷದಿಂದ ನರ್ಸ್. ಎಲ್ಲರೂ ಇದನ್ನು ಹೊಸ ಕಾಲದ ಸಂಗತಿ ಅಂದುಕೊಂಡಿದ್ದಾರೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮೇರಿ ಕ್ಯೂರಿ ಕಾರುಗಳಿಗೆ ಎಕ್ಸ್‌ರೇ ಯಂತ್ರ ಕೂರಿಸಿ ಗಾಯಾಳುಗಳ ಹತ್ತಿರಕ್ಕೇ ಹೋದರು. ಕರೆಂಟು ಕಾರಿನ ಎಂಜಿನ್ನಿಗೆ ಜೋಡಿಸಿದ ಡೈನಮೊದಿಂದ. ತಾವೇ ಡ್ರೈವಿಂಗ್ ಕಲಿತರು. ಅಲ್ಲಿಂದ ರಕ್ತದಾನದ ಗಾಡಿ, ಕಣ್ಣಿನ ತಪಾಸಣೆ ಗಾಡಿ, ಸಂಚಾರಿ ಗ್ರಂಥಾಲಯ, ಇವೆಲ್ಲ ಈಗಲೂ ಓಡುತ್ತಿವೆ. ಇವು ಉಳಿದಿದ್ದು ಯಾಕೆ? ಗಾಡಿ ನಿಲ್ಲುವ ಜಾಗದಲ್ಲೇ ಕೆಲಸ ಇದೆ. ಕೆಲಸ ಎಲ್ಲಿ ಕೂತರೂ ನಡೆಯುತ್ತದೆ ಅನ್ನುವವರಿಗೆ ಗಾಡಿ ಬೇಕಿಲ್ಲ, ಒಂದು ಕೋಣೆ ಸಾಕು.

ಗಾಳಿಯ ವಿಷಯ ಯಾರೂ ಎತ್ತಿಲ್ಲ. ಕೂತು ಕೆಲಸ ಮಾಡುವ ಒಬ್ಬರು ಗಂಟೆಗೆ ಹೆಚ್ಚುಕಮ್ಮಿ 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತಾರೆ. ವ್ಯಾನಿನ ಹಿಂಭಾಗ ಅಂದಾಜು 10 ಘನ ಮೀಟರ್, ಅಂದರೆ 10,000 ಲೀಟರ್. ಎಲ್ಲ ಮುಚ್ಚಿಕೊಂಡು ಇಬ್ಬರು ಕೂತರೆ, ಗಾಳಿಯಲ್ಲಿ ಮೊದಲೇ ಇರುವುದೂ ಸೇರಿ, ಅದು ಹತ್ತೇ ನಿಮಿಷದಲ್ಲಿ ಹತ್ತು ಲಕ್ಷಕ್ಕೆ ಸಾವಿರ ಭಾಗ ದಾಟುತ್ತದೆ. ಸಂದಿಗೊಂದಿಯಿಂದ ಗಾಳಿ ಬಂದು ಸ್ವಲ್ಪ ತಡ ಆಗಬಹುದು, ಅಷ್ಟೇ. ತಲೆ ಭಾರ, ಆಕಳಿಕೆ, ಮಂಕು. ಎಷ್ಟೋ ವರ್ಷ ನಾವು ಅದನ್ನು ದಣಿವು ಅಂದುಕೊಂಡಿದ್ದೆವು. ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಛಾವಣಿಗೆ ಗಾಳಿ ಹೊರಹಾಕುವ ಫ್ಯಾನು, ಎದುರು ಮೂಲೆಯಲ್ಲಿ ಗಾಳಿ ಒಳಬರುವ ಕಿಂಡಿ, ಇವೆರಡು ಇರಲಿ. ಮಳೆಗಾಲಕ್ಕೂ ಇದೇ ಬೇಕು. ನಮ್ಮ ಗಾಡಿಯಲ್ಲಿ ಉಸಿರಿನ ತೇವ ತಣ್ಣನೆ ತಗಡಿಗೆ ತಾಗಿ ಹನಿಗಟ್ಟಿ, ಕಪಾಟಿನ ಹಿಂದೆ ಇಳಿದು, ಒಂದು ಪೆಟ್ಟಿಗೆ ಕಾಗದ ಪೂರ್ತಿ ಬೂಸ್ಟು ಹಿಡಿದಿತ್ತು.

ಕೊನೆಯದಾಗಿ ಟಾಯ್ಲೆಟ್. ಚಿತ್ರಗಳಲ್ಲಿ ಇದು ಇರುವುದೇ ಇಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಕೂರುತ್ತಿದ್ದರು. ಎಲ್ಲಿ ನಿಲ್ಲಿಸಬೇಕು ಅಂತ ನಿರ್ಧರಿಸುವಾಗ ಹತ್ತಿರದ ಟಾಯ್ಲೆಟ್ ಎಲ್ಲಿ ಅಂತ ಮೊದಲು ನೋಡಿ. ನೆರಳು, ಸಿಗ್ನಲ್ ಎಲ್ಲ ಆಮೇಲೆ. ನಿಮ್ಮ ತಂಡದಲ್ಲಿ ಹೆಣ್ಣುಮಕ್ಕಳು ಇದ್ದರೆ ಅವರನ್ನು ಕೇಳಿ. ಅವರಾಗಿಯೇ ಬಾಯಿ ಬಿಟ್ಟು ಹೇಳುವುದಿಲ್ಲ.

ಅಡಿಪಾಯ:
ಮೇಡಂ, ನಮ್ಮ ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಅದರಲ್ಲಿ ನಾನೂ ಒಬ್ಬಳು. ಆದರೂ ನನ್ನ ಪಟ್ಟಿಯಲ್ಲೇ ಅದು ಇರಲಿಲ್ಲ. ಈಗ ಮೊದಲನೆಯದಾಗಿ ಬರೆದುಕೊಂಡೆ.

ನಿಂತಗಾಡಿ:
ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ವ್ಯಾನಿನ ಒಳಗಿನ ಅಳತೆಯನ್ನು ಈಗಿನ ಆಫೀಸಿನ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಮೇಜು, ಕುರ್ಚಿ ಒಳಗೆ ಹಾಕಿ ಒಂದು ವಾರ ಗೆರೆ ದಾಟದೆ ಕೆಲಸ ಮಾಡಿ. ಗಾಲಿಯ ಮೇಲೆ ಬರುವ ಉಬ್ಬಿಗೂ ಒಂದು ಡಬ್ಬ ಇಟ್ಟುಕೊಳ್ಳಿ, ಅದು ನೆಲದಿಂದ ಮೊಣಕಾಲಿನ ತನಕ ಬರುತ್ತದೆ.

ಅಡಿಪಾಯ:
ಒಂಬತ್ತು ದಿನ ಆಯಿತು, ಬಂದು ಹೇಳುತ್ತೇನೆ ಅಂದುಕೊಂಡಿದ್ದೆ.

ದಾರಿಲೆಕ್ಕ ಅವರು ಹೇಳಿದ ಹಾಗೆ ಹಳೆ ಡೈರಿ ತೆಗೆದು ಎಣಿಸಿದೆ. ಹೋದ ವರ್ಷ 31 ಸಲ ಎರಡನೇ ಸುತ್ತು ಹೋಗಿದ್ದೇವೆ. ಅದರಲ್ಲಿ 22 ಸಲ ಹೋಗಿದ್ದು ಒಂದೋ ಎರಡೋ ಅಳತೆಗೆ ಅಷ್ಟೇ. ವರದಿಯನ್ನು ಅಲ್ಲೇ ಬರೆದಿದ್ದರೆ ಎದ್ದು ಹೋಗಿ ಟೇಪ್ ಹಿಡಿದು ಬರಬಹುದಿತ್ತು.

ನೆಲದ ಮೇಲೆ 3.2 ಮೀಟರ್ ಉದ್ದ, 1.75 ಅಗಲ ಗುರುತು ಮಾಡಿದೆವು. ಮೊದಲ ದಿನ ನಾಲ್ಕೂ ಜನ ಕೂತೆವು. ಮಧ್ಯಾಹ್ನದೊಳಗೆ ಇಬ್ಬರು ಎದ್ದು ಹೋದರು. ಎರಡು ಕುರ್ಚಿ ಒಟ್ಟಿಗೆ ಹಿಂದೆ ಸರಿದರೆ ಬೆನ್ನಿಗೆ ಬೆನ್ನು ತಾಗುತ್ತದೆ. ಮೂರನೇ ದಿನ ಮೇಜುಗಳನ್ನು ಎದುರು ಬದುರು ತೆಗೆದು ಒಂದೇ ಪಕ್ಕಕ್ಕೆ, ಒಂದರ ಹಿಂದೆ ಒಂದು ಹಾಕಿದೆವು. ಆಗ ಓಡಾಡಲು ಒಂದು ಮೊಳ ದಾರಿ ಸಿಕ್ಕಿತು. ಇಬ್ಬರಿಗೆ ಸರಿಯಾಗುತ್ತದೆ. ಉಳಿದ ಇಬ್ಬರು ಆ ದಿನ ಆಫೀಸಿನಲ್ಲೇ ಇರುತ್ತಾರೆ, ವಾರ ವಾರ ಬದಲಿ.

ತಾನೇ ಓಡುವ ಗಾಡಿಯ ಆಸೆ ಸದ್ಯಕ್ಕೆ ಬಿಟ್ಟೆವು. ಒಂದು ತಿಂಗಳಿಗೆ ಬ್ಯಾಟರಿ ವ್ಯಾನ್ ಬಾಡಿಗೆಗೆ ಕೇಳಿದ್ದೇವೆ. ಮೇಜು ನೆಲಕ್ಕೆ ಬೋಲ್ಟ್ ಹಾಕುವ ಹಾಗಿಲ್ಲ ಅಂದಿದ್ದಾರೆ. ಹಾಗಾಗಿ ಓಡುವಾಗ ಮೇಜನ್ನು ಮಡಚಿ ಗೋಡೆಗೆ ಬೆಲ್ಟಿನಲ್ಲಿ ಬಿಗಿಯಬೇಕು. ಸಾಮಾನು ಕಟ್ಟುವ ಬಳೆಗಳು ಆ ವ್ಯಾನಿನಲ್ಲಿ ನೆಲದ ಅಂಚಿಗೆ ಇವೆ, ಗೋಡೆಯಲ್ಲಿ ಎರಡೇ. ನಿಂತಗಾಡಿ ಅವರೇ, ಮಡಚಿದ ಮೇಜು ಒಂದೊಂದು 14 ಕಿಲೋ. ಎರಡನ್ನೂ ಒಂದೇ ಬೆಲ್ಟಿನಲ್ಲಿ ಕಟ್ಟಬಹುದಾ, ಬೇರೆ ಬೇರೆ ಬೇಕಾ?

ನಿಂತಗಾಡಿ:
ಬೇರೆ ಬೇರೆ. ಕೊಕ್ಕೆ ಇರುವ, ಹಿಡಿ ಆಡಿಸಿ ಬಿಗಿ ಮಾಡುವ ರ‍್ಯಾಚೆಟ್ ಬೆಲ್ಟ್ ತಗೊಳ್ಳಿ. ಮೇಜೊಂದಕ್ಕೆ ಎರಡರಂತೆ, ಒಂದು ಕೆಳಗೆ, ಒಂದು ನಡುವಿಗೆ. ಕಟ್ಟಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಜೋರಾಗಿ ಎಳೆಯಿರಿ. ಒಂದು ಬೆರಳಗಲ ಅಲುಗಿದರೂ ಬಿಚ್ಚಿ ಮತ್ತೆ ಕಟ್ಟಿ. ಮೊದಲ ದಿನ ಹೊರಟಾಗ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿ, ಇನ್ನೊಂದು ಸಲ ಎಳೆದು ನೋಡಿ. ಬೆಲ್ಟು ಸಡಿಲ ಆಗುವುದು ಅಲ್ಲೇ.